ಏಳು ಕೇರಿಗೆ ಏಳು ಬಾವಿ

ಡಂಗುರ ಹೀಗಿತ್ತು: "ಕೇಳಿರಪ್ಪೋ! ಅರಸರ ಮೂರು ಒಗಟು ಒಡೆದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ. ಏಳೂ ಕೇರಿಯವರು ಬಯಲಿಗೆ ಬಂದು ನೋಡಬೇಕು. ಇದು ಅಪ್ಪಣೆ!"

ಅರಸನ ಕುಲದವರು ಬೆರಳೆಣಿಕೆ. ಕೋಟೆಯೊಳಗೆ ಇದ್ದರು. ಹೊರಗಿನವರು ಇರುವೆಯಷ್ಟು. ಅವರು ಕೂಲಿಯಿಲ್ಲದೆ ಕೋಟೆಗೆ ಕಲ್ಲು ಹೊರಬೇಕು. ಅದಕ್ಕೆ ಬಿಟ್ಟಿ ಅನ್ನುತ್ತಾರೆ. ಕುರಿ ಕಾಯುವ ಮಾಳಿಂಗನ ಹೆಂಡತಿ ನೀಲವ್ವ ಕಲ್ಲು ಹೊತ್ತೇ ಸತ್ತಳು. ಅವಳ ತಂಗಿ ಹೊನ್ನಿ ರೊಟ್ಟಿ ತಂದಿಟ್ಟರೆ ಮಾಳಿಂಗ ಉಣ್ಣುತ್ತಿದ್ದ, ಇಲ್ಲದಿದ್ದರೆ ಇಲ್ಲ. ಈಗ ಹೊನ್ನಿಗೂ ಬಿಟ್ಟಿಯ ಕರೆ ಬಂತು. ಅದಕ್ಕೇ ಅವನು ಒಗಟು ಒಡೆಯಲು ಬಯಲಿಗೆ ಹೋದ.

ಅರಸನಿಗೆ ತನ್ನ ಜಾಣತನ ಬಹಳ ಇಷ್ಟ. ಆದರೆ ಜನರನ್ನು ಆಳುವ ಉಪಾಯಗಳನ್ನು ಬಿಚ್ಚಿ ಹೇಳುವಂತಿರಲಿಲ್ಲ. ಅದಕ್ಕೆ ಒಗಟು ಮಾಡಿ ಕೇಳುತ್ತಿದ್ದ.

"ಒಬ್ಬ ಎದ್ದರೆ ಸಾವಿರ ಜನ ಹಿಂದೆ ಬರುತ್ತಾರೆ. ಆ ಸಾವಿರವನ್ನು ನಾನು ಕರೆದಿಲ್ಲ. ಯಾಕೆ ಬರುತ್ತಾರೆ?"

"ಕತ್ತಿಗೆ ಹೆದರಿ" ಅಂದ ದಳವಾಯಿಯ ಮಗ. ತಲೆ ಹೋಯಿತು.

"ಹೊನ್ನಿನ ಆಸೆಗೆ" ಅಂದ ಸೆಟ್ಟಿಯ ಮಗ. ಅವನದೂ ಹೋಯಿತು.

ಮಾಳಿಂಗ ಮುಂದೆ ಬಂದ. ಅರಸ ನಕ್ಕ. "ಏನೋ, ಕಂಬಳಿ ಜೊತೆ ತಲೆನೂ ತಂದೆಯಾ?"

"ಎರಡೂ ತಂದೀನ್ರಿ. ತಲಿ ಹೋದ್ರ ಕಂಬಳಿ ನೀವ ಹೊದ್ಕೊಳ್ರಿ."

"ಒಗಟು ಒಡಿ."

"ನಾವೂ ಹಂಗ ಮಾಡ್ತೀವ್ರಿ. ಒಂದು ಟಗರಿಗೆ ಗಂಟಿ ಕಟ್ಟಿ, ಹಿಡಿ ಉಪ್ಪು ತಿನ್ನಸ್ತೀವಿ. ಹಿಂಡು ಗಂಟಿ ಹಿಂದ ಬರ್ತದ. ನೀವು ಕೇರಿಗೊಬ್ಬ ಗೌಡಗ ರುಮಾಲು ಸುತ್ತೀರಿ. ಅಂವ ನಮ್ಮವ. ಅದಕ್ಕ ನಾವು ಹಿಂದ."

"ಗೌಡ್ರ, ಗಂಟಿ ಎಲ್ಲಿ?" ಯಾರೋ ಕೂಗಿದರು. ಗೌಡ ನೆಲ ನೋಡಿದ.

ಅರಸ ಎರಡನೆಯದು ಕೇಳಿದ. "ನನ್ನ ಅಜ್ಜ ಸತ್ತು ಬಹಳ ಕಾಲವಾಯಿತು. ಅವನ ಏಟಿಗೆ ಇಂದಿನ ಮಕ್ಕಳ ಬೆನ್ನು ಬಗ್ಗುತ್ತದೆ. ಹೇಗೆ?"

"ದಾರಿಗೆ ಕೋಲು ಅಡ್ಡ ಹಿಡಿದ್ರ ಮೊದಲನೇ ಕುರಿ ನೆಗೀತದ. ಕೋಲು ತೆಗೀರಿ. ಹಿಂದಿನವೂ ಅಲ್ಲೇ ನೆಗೀತಾವು, ಬರೇ ಗಾಳಿಗೆ. ನಮ್ಮಪ್ಪ ಬಗ್ಗಿದ, ನಾ ಬಗ್ಗಿದೆ. ಕೋಲು ಐತೋ ಇಲ್ಲೋ, ಯಾರೂ ನೋಡಲಿಲ್ಲ."

ಅರಸನ ನಗು ನಿಂತಿತ್ತು. "ಒಂದೇ ಊರು, ಒಂದೇ ನೀರು. ಆದರೂ ಏಳು ಕೇರಿಗೆ ಏಳು ಬಾವಿ ತೋಡಿಸಿದೆ. ಏಳು ಸಂತೆ ಇಟ್ಟೆ. ಧರ್ಮಾತ್ಮ ಅಂದರು. ಯಾಕೆ ಮಾಡಿದೆ?"

ಮಾಳಿಂಗನಿಗೆ ತಿಳಿಯಲಿಲ್ಲ. ಕುರಿಯಲ್ಲಿ ಇಂಥದ್ದು ಕಂಡಿರಲಿಲ್ಲ. ಕತ್ತಿಯವನು ಹತ್ತಿರ ಬಂದ. ಮಾಳಿಂಗ ಹೊನ್ನಿಯನ್ನು ಹುಡುಕಿ ಜನರ ಕಡೆ ತಿರುಗಿದ. ಅವನ ಕಣ್ಣು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಹೋಯಿತು.

"ನೀಲವ್ವ ಸತ್ತಾಗ ನಮ್ಮ ಕೇರಿ ಹಣೆಬರಹ ಅಂದ್ಕೊಂಡಿದ್ದೆ" ಅಂದ ಮೆಲ್ಲಗೆ. "ಇಲ್ಲಿ ನೋಡಿದ್ರ ಎಲ್ಲಾ ಕೇರಿಯವರ ಹೆಗಲ ಮ್ಯಾಲೂ ಅದೇ ಕಲ್ಲಿನ ಗಾಯ. ಒಂದೇ ಬಾವಿಯಾಗ ಸೇದಿದ್ರ ಮಾತಾಡ್ತಿದ್ವಿ. ಎಷ್ಟು ಮಂದಿ ಅದೀವಿ ಅಂತ ತಿಳೀತಿತ್ತು. ಅದಕ್ಕ ಬ್ಯಾರೆ ಇಟ್ರಿ. ಇವತ್ತು ನನ್ನ ತಲಿ ಹೋಗೂದು ನೋಡ್ಲಿ ಅಂತ ನೀವೇ ಎಲ್ಲಾರನ್ನೂ ಕೂಡಿಸೀರಿ."

ಕತ್ತಿಯವನು ಅಪ್ಪಣೆಗೆ ಕಾದ. ಮಾಳಿಂಗನ ಮಾತು ಬಾಯಿಂದ ಬಾಯಿಗೆ ಹಿಂದಿನವರೆಗೂ ಹೋಗುತ್ತಿತ್ತು. ಅರಸ ಬಯಲು ನೋಡಿದ. ಅದರ ತುದಿ ಕಾಣಲಿಲ್ಲ.

"ಏನು ಬೇಕು?"

"ಬಿಟ್ಟಿ ನಿಲ್ಲಬೇಕು."

"ನಿಂತಿತು."

"ಜೋರಾಗಿ ಅನ್ರಿ. ಹಿಂದಿನವರಿಗೆ ಕೇಳಿಲ್ಲ."

ಅರಸ ಎದ್ದು ನಿಂತು ಕೂಗಿ ಹೇಳಿದ. ಹೊನ್ನಿ ಬಂದು ಮಾಳಿಂಗನ ಕೈ ಹಿಡಿದಳು. ಅವನು ಆಗ ಅತ್ತ.

ಜನ ಮನೆಗೆ ಹೋಗಲಿಲ್ಲ. ಕಲ್ಲು ಹೊತ್ತು ನಿಮ್ಮ ಕೇರಿಯಲ್ಲಿ ಯಾರು ಸತ್ತರು, ನಮ್ಮಲ್ಲಿ ಇಂಥವರು ಸತ್ತರು ಅಂತ ಒಬ್ಬರಿಗೊಬ್ಬರು ಕೇಳುತ್ತ, ಹೇಳುತ್ತ ಅಲ್ಲೇ ಕೂತರು.