ನಾಯಕನ ಮುಖದ ಗಣಪತಿ

ಬಿಳಿಗುಡ್ಡದ ಪಾಳೆಯಗಾರ ಹಾಲಪ್ಪನಾಯಕನಿಗೆ ಊಟ ಎರಡು ಹೊತ್ತು ಸಾಕಾಗುತ್ತಿತ್ತು, ಹೊಗಳಿಕೆ ಮಾತ್ರ ನಾಲ್ಕು ಹೊತ್ತು ಬೇಕಿತ್ತು. ಅದನ್ನು ಬಡಿಸಲೆಂದೇ ನರಹರಿ ಅವಧಾನಿ ಎಂಬ ಆಸ್ಥಾನ ಪಂಡಿತನಿದ್ದ.

ಚೌತಿ ಹತ್ತಿರ ಬಂದಾಗ ಒಂದು ದಿನ ಅವಧಾನಿ ಸಭೆಯಲ್ಲಿ ಗಣಪತಿಯ ಮೂರ್ತಿಯ ತತ್ತ್ವವನ್ನು ಬಿಡಿಸಿ ಹೇಳತೊಡಗಿದ. ಮೊರದಗಲ ಕಿವಿ ಯಾಕೆಂದರೆ, ಆತ ಎಲ್ಲರ ಅಳಲನ್ನೂ ಕೇಳುತ್ತಾನೆ. ಕಣ್ಣು ಸಣ್ಣದು, ಸೂಕ್ಷ್ಮವಾದದ್ದನ್ನೂ ಬಿಡದೆ ನೋಡುತ್ತಾನೆ. ಸೊಂಡಿಲು ಬಾಯಿಯನ್ನು ಮರೆಮಾಡಿದೆ, ಮಾತು ಕಡಿಮೆ. ಹೊಟ್ಟೆ ದೊಡ್ಡದು, ಹೊಗಳಿಕೆ ತೆಗಳಿಕೆ ಎರಡನ್ನೂ ಅರಗಿಸಿಕೊಳ್ಳುತ್ತಾನೆ.

ನಾಯಕ ಮೀಸೆ ತಿರುವಿದ. “ಇವೆಲ್ಲ ನನ್ನಲ್ಲೂ ಇವೆಯಲ್ಲ, ಅವಧಾನಿಗಳೇ?”

“ಪ್ರಭುಗಳಲ್ಲಿ ಇಲ್ಲದ್ದು ಸೊಂಡಿಲೊಂದೇ,” ಎಂದ ಅವಧಾನಿ.

ಪಕ್ಕದಲ್ಲಿ ಕೂತು ವೀಳ್ಯ ಮಡಿಸುತ್ತಿದ್ದ ಕೆಂಚಣ್ಣನಿಗೆ ನಗು ಉಕ್ಕಿ ಬಂತು. ನಾಯಕನಿಗೆ ತಾಂಬೂಲ ಕೊಡುವುದೇ ಅವನ ಉದ್ಯೋಗ. ಬಾಯಿಗೆ ಒಂದಡಕೆ ಎಸೆದುಕೊಂಡು ನಗು ನುಂಗಿದ. ದೂರು ಹೇಳಲು ಬಂದ ನೇಕಾರರನ್ನು ಮೂರು ತಿಂಗಳಿಂದ ಹೆಬ್ಬಾಗಿಲಲ್ಲೇ ಕೂರಿಸಿದ್ದ ಕಿವಿಗಳು ಅವು. ಹೊಟ್ಟೆಯ ವಿಷಯ ಮಾತ್ರ ಅರ್ಧ ನಿಜ, ಹೊಗಳಿಕೆ ಎಷ್ಟಿದ್ದರೂ ಅರಗುತ್ತಿತ್ತು.

ನಾಯಕ ಅಲ್ಲಿಗೇ ಬಿಡಲಿಲ್ಲ. ಈ ಸಲದ ಮಣ್ಣಿನ ಗಣಪತಿಗೆ ಆನೆಯ ಮುಖ ಬೇಡ, ತನ್ನ ಮುಖವೇ ಇರಲಿ ಎಂದು ಅಪ್ಪಣೆ ಮಾಡಿ ಕುಂಬಾರ ಸಣ್ಣೀರಪ್ಪನನ್ನು ಕರೆಸಿದ.

ಸಣ್ಣೀರಪ್ಪ ಕೈಮುಗಿದು ನೆಲ ನೋಡಿದ. “ತಪ್ಪು ತಿಳೀಬ್ಯಾಡಿ ಬುದ್ಧಿ. ನಮ್ಮಪ್ಪ, ನಮ್ಮಜ್ಜ ಎಲ್ಲಾ ಆನೆ ಮಕಾನೇ ಮಾಡಿದ್ದು. ದೇವರ ಮೈಮೇಲೆ ಮನುಷ್ಯರ ಮಕ ಇಡಕ್ಕೆ ನನ್ನ ಕೈ ಏಳಾಕಿಲ್ಲ.”

“ನಾಳೆಯವರೆಗೆ ಸಮಯ ಕೊಟ್ಟಿದ್ದೇನೆ,” ಎಂದ ನಾಯಕ. “ಆಗಲೂ ಕೈ ಏಳದಿದ್ದರೆ ಆ ಕೈಗೆ ಹೆಬ್ಬೆರಳು ಯಾಕೆ?”

ಆ ಹೆಬ್ಬೆರಳನ್ನು ಕೆಂಚಣ್ಣ ಚೆನ್ನಾಗಿ ಬಲ್ಲ. ಹಸಿ ಮಣ್ಣಿನ ಮೇಲೆ ಅದು ಒಮ್ಮೆ ಹರಿದರೆ ಸೊಂಡಿಲು ತಾನಾಗಿ ಸುರುಳಿಯಾಗುತ್ತಿತ್ತು. ಈ ನಾಯಕನ ಮೀಸೆಯ ಚಪಲಕ್ಕೆ ಅಂಥ ಬೆರಳು ಹೋಗಬೇಕೇ ಎಂದು ಅವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ದೊರೆಯ ಎದುರು ಸಿಟ್ಟು ಮಾಡಿದವರ ಕತೆ ಅವನಿಗೆ ಗೊತ್ತಿತ್ತು.

ಮರುದಿನ ಸಭೆ ಸೇರಿತು. ಸಣ್ಣೀರಪ್ಪ ಕೈಮುಗಿದು ನಿಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಕೆಂಚಣ್ಣ ಎದ್ದ. ಇಂಥ ಮೂರ್ತಿಯನ್ನು ಅರಮನೆಯ ಒಳಗೆ ಬಚ್ಚಿಡುವುದು ಸರಿಯಲ್ಲ, ಚಾವಡಿಯಲ್ಲಿ ಕೂರಿಸಬೇಕು, ಊರೆಲ್ಲ ನೋಡಬೇಕು ಎಂದ. ನಾಯಕ ಹಿರಿಹಿರಿ ಹಿಗ್ಗಿದ.

“ಆದರೆ ಪ್ರಭು, ನಾಳೆ ಯಾರೂ ಬೆರಳು ತೋರಿಸಬಾರದು. ಕೂರಿಸುವುದರಿಂದ ಹಿಡಿದು ಕೊನೆಯವರೆಗೆ ಒಂದು ಪದ್ಧತಿಯನ್ನೂ ಬಿಡುವುದಿಲ್ಲ ಅಂತ ತಾವು ವೀಳ್ಯ ಹಿಡಿಯಬೇಕು.”

ಆ ಸೀಮೆಯಲ್ಲಿ ವೀಳ್ಯ ಹಿಡಿದು ಆಡಿದ ಮಾತಿಗೆ ಎರಡಿಲ್ಲ. ನಾಯಕ ಹಿಂದೆಮುಂದೆ ನೋಡದೆ ಕೆಂಚಣ್ಣನ ಕೈಯಿಂದ ವೀಳ್ಯ ತೆಗೆದುಕೊಂಡು ಸಭೆಗೆ ತೋರಿಸಿ ಬಾಯಿಗಿಟ್ಟ.

ಕೆಂಚಣ್ಣ ಅವಧಾನಿಯತ್ತ ತಿರುಗಿದ. “ಅವಧಾನಿಗಳೇ, ನಿನ್ನೆ ಕಿವಿ, ಕಣ್ಣು, ಹೊಟ್ಟೆಯ ತತ್ತ್ವವೆಲ್ಲ ಹೇಳಿದಿರಿ. ಕೊನೆಯ ದಿನದ ತತ್ತ್ವ ಒಂದು ಉಳಿಯಿತು.”

ಅವಧಾನಿಗೆ ಮಾತು ಸಿಕ್ಕಿದರೆ ಮುಂದೆ ಹಳ್ಳವಿದೆಯೋ ದಿಣ್ಣೆಯಿದೆಯೋ ಕಾಣುತ್ತಿರಲಿಲ್ಲ. ಮಣ್ಣಿನಿಂದ ಬಂದ ರೂಪ ಮಣ್ಣಿಗೇ ಹೋಗಬೇಕು, ಅದಕ್ಕೇ ಮೂರ್ತಿಯನ್ನು ಮೆರವಣಿಗೆಯಲ್ಲಿ ಒಯ್ದು ಕೆರೆಯಲ್ಲಿ ಮುಳುಗಿಸುತ್ತೇವೆ, ನೀರಿನಲ್ಲಿ ಮೊದಲು ಕಿವಿ ಕರಗುತ್ತದೆ, ಆಮೇಲೆ ಮುಖ, ಹಾಗೆಯೇ ನಾನು ಎಂಬುದೂ ಕರಗಬೇಕು ಎಂದು ರಾಗವಾಗಿ ಹೇಳುತ್ತಾ ಹೋದವನು ನಾಯಕನ ಮುಖ ನೋಡಿ ಗಕ್ಕನೆ ನಿಂತ.

ನಾಯಕ ಅಗಿಯುವುದನ್ನು ಬಿಟ್ಟಿದ್ದ. “ಮುಳುಗಿಸುವುದು ಬೇಡ,” ಎಂದ.

“ವೀಳ್ಯ ಇನ್ನೂ ಬಾಯಲ್ಲೇ ಇದೆ, ಪ್ರಭು,” ಎಂದ ಕೆಂಚಣ್ಣ ಮೆಲ್ಲಗೆ.

ದಾರಿಯುಂಟೇ ಎಂದು ನಾಯಕ ಅವಧಾನಿಯನ್ನು ಕೇಳಿದ. ಪೂಜೆಗೊಂಡ ಮಣ್ಣಿನ ಮೂರ್ತಿಯನ್ನು ಮುಳುಗಿಸದೆ ಇಟ್ಟರೆ ಇಟ್ಟ ಮನೆಗೆ ಒಳ್ಳೆಯದಲ್ಲ ಎಂದು ಅವಧಾನಿ ಹೇಳಿದ. ಸಭೆಯಲ್ಲಿ ಯಾರೋ ಕೆಮ್ಮಿದರು.

“ಮುಳುಗುವುದು ನನಗೆ ಚಿಂತೆಯಲ್ಲ,” ಎಂದು ಕೆಂಚಣ್ಣ ಮುಂದುವರಿಸಿದ. “ನನಗೆ ಜನರದ್ದೇ ಚಿಂತೆ.”

“ಯಾಕೆ, ಜನ ಬರುವುದಿಲ್ಲವೋ?”

“ಬರುತ್ತಾರೆ, ಪ್ರಭು. ಹಿಂದೆಂದೂ ಬರದಷ್ಟು ಜನ ಬರುತ್ತಾರೆ. ಪ್ರಭುಗಳ ಮುಖವನ್ನು ನೀರಿಗೆ ಅದ್ದಲು ನಾ ಮುಂದು ತಾ ಮುಂದು ಅಂತ ನುಗ್ಗುತ್ತಾರೆ. ಹೆಬ್ಬಾಗಿಲಲ್ಲಿ ಕೂತ ನೇಕಾರರಂತೂ ಈಗಲೇ ಹೋಗಿ ಕೆರೆಯ ಮೆಟ್ಟಿಲಲ್ಲಿ ಜಾಗ ಹಿಡಿಯುತ್ತಾರೆ. ಆದರೆ ಮೂರ್ತಿ ಮುಳುಗುವಾಗ ‘ಹೋಗಿ ಬಾ, ಮುಂದಿನ ವರ್ಷ ಮತ್ತೆ ಬಾ’ ಅಂತ ಊರೆಲ್ಲ ಕೂಗಬೇಕಲ್ಲ, ಅದೂ ಪದ್ಧತಿ. ಆ ಹೊತ್ತಿಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ನಿಂತರೆ?”

ನಾಯಕ ಸಭಿಕರ ಮುಖಗಳನ್ನು ಒಂದೊಂದಾಗಿ ನೋಡಿದ. ಒಬ್ಬನೂ ಇವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಉತ್ತರ ಅಲ್ಲೇ ಸಿಕ್ಕಿತು.

“ಈಗ ಏನು ಮಾಡೋಣ ಅಂತೀಯ?” ಎಂದು ಕೇಳಿದ, ದನಿ ಇಳಿದಿತ್ತು.

“ಒಂದು ಪದ್ಧತಿಯನ್ನೂ ಬಿಡುವುದಿಲ್ಲ ಅಂತ ತಾವೇ ಮಾತು ಕೊಟ್ಟಿದ್ದೀರಿ. ಆನೆಯ ಮುಖವೂ ಪದ್ಧತಿಯೇ.”

ನಾಯಕ ಸಣ್ಣೀರಪ್ಪನಿಗೆ ಆನೆಮುಖವನ್ನೇ ಮಾಡಲು ಹೇಳಿ, ಕಳಿಸುವಾಗ ಎಲೆಅಡಕೆ ಕೊಡಿಸಿದ. ಸಣ್ಣೀರಪ್ಪ ಅದನ್ನು ಹತ್ತೂ ಬೆರಳಿನಿಂದ ಹಿಡಿದುಕೊಂಡು ಹಿಂತಿರುಗಿ ನೋಡದೆ ಹೊರಟ. ನೇಕಾರರನ್ನು ಒಳಗೆ ಕರೆಯಲು ಅಪ್ಪಣೆಯಾಯಿತು.

ಆಗ ನಾಯಕನಿಗೆ ತಡೆಯಲಾಗದೆ ನಗು ಬಂತು. ಹೆಗಲ ಶಾಲು ತೆಗೆದು ಕೆಂಚಣ್ಣನ ಮೇಲೆ ಎಸೆದ. “ಅಲ್ಲವೋ, ಉಪ್ಪು ತಿಂದವನು ನೀನಾದರೂ ಮತ್ತೆ ಬಾ ಅಂತ ಕೂಗುತ್ತಿರಲಿಲ್ಲವೇ?”

“ಕೂಗದೆ ಬಿಡುತ್ತೇನೆಯೇ, ಪ್ರಭು? ನಾನೂ ಕೂಗುತ್ತಿದ್ದೆ, ಅವಧಾನಿಗಳೂ ಕೂಗುತ್ತಿದ್ದರು,” ಎಂದ ಕೆಂಚಣ್ಣ ಶಾಲು ಹೊದೆಯುತ್ತ. “ಆದರೆ ಇಬ್ಬರೇ ಕೂಗಿದ್ದರೆ, ಸಂಬಳಕ್ಕೆ ಕೂಗುತ್ತಿದ್ದಾರೆ ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು.”