ಕಾಡುಕೋಳಿಯ ಕತ್ತಿನ ಗರಿ

ಕೆರೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಮಕ್ಕಳೇ. ನಡೆಯುವುದಕ್ಕಿಂತ ಮೊದಲು ಈಜು ಕಲಿತವನು ನಾನು. ಆದ್ದರಿಂದ ನಂಬಿ ಕೇಳಿ.

ಗುಡ್ಡದ ಮೇಲೆ, ಕಾಡಿನ ನಡುವೆ, ಒಂದು ಪುಟ್ಟ ಕೆರೆ. ಕಾಲಿಟ್ಟರೆ ಹಲ್ಲು ಕಟಕಟ ಎನ್ನುವಷ್ಟು ತಣ್ಣನೆಯ ನೀರು. ಅದರಲ್ಲಿ ಟ್ರೌಟ್ ಮೀನುಗಳಿದ್ದವು. ನೀರಿನ ಮೇಲೆ ಬಂದು ಕೂರುವ ನೊಣಗಳೇ ಅವುಗಳ ಊಟ. ದಡದ ಪೊದೆಯಲ್ಲಿ ಒಂದು ಕಾಡುಕೋಳಿ ಹುಂಜ. ಅದರ ಕತ್ತಿನ ತುಂಬ ಮಿರಿಮಿರಿ ಮಿಂಚುವ ಹಳದಿ ಚುಕ್ಕೆಯ ಗರಿಗಳು.

ಒಂದು ಬೆಳಿಗ್ಗೆ ಉದ್ದ ಕೋಲು ಹಿಡಿದು ಒಬ್ಬ ಮನುಷ್ಯ ಬಂದ. ದಡದಲ್ಲಿ ಹುಂಜನ ಕತ್ತಿನ ಗರಿಯೊಂದು ಉದುರಿ ಬಿದ್ದಿತ್ತು. ಅದನ್ನು ಬಿಸಿಲಿಗೆ ಹಿಡಿದು ನೋಡಿ, ಸಣ್ಣ ಗಾಳಕ್ಕೆ ದಾರದಿಂದ ಸುತ್ತಿದ. ಥೇಟ್ ನೊಣವೇ. ಕೋಲು ಬೀಸಿ ಆ ಗಾಳವನ್ನು ಮೆಲ್ಲಗೆ ನೀರಿನ ಮೇಲಿಟ್ಟ. ಒಂದು ಟ್ರೌಟ್ ಹಾರಿ ಬಾಯಿ ಹಾಕಿತು. ಬುಟ್ಟಿ ಸೇರಿತು.

ಅವನು ಹೋದ ಮೇಲೆ ಹಿರಿಯ ಟ್ರೌಟ್ ದಡಕ್ಕೆ ಬಂತು.

"ತಮ್ಮಾ, ಹೋದದ್ದು ನನ್ನ ತಂಗಿ. ಇನ್ನು ಮೇಲೆ ಗರಿ ಕೊಡವುವುದಿದ್ದರೆ ಕಾಡಿನೊಳಗೆ ಕೊಡವಪ್ಪ."

"ಅಯ್ಯೋ ಪಾಪ," ಎಂದಿತು ಹುಂಜ. "ಆದರೂ ಅಕ್ಕ, ಆ ಗರಿಯನ್ನು ಅವನು ಎಷ್ಟು ಹೊತ್ತು ನೋಡಿದ, ಕಂಡೆಯಾ? ಅಂಥ ಗರಿ ನಿನ್ನ ಮೈಮೇಲೆ ಒಂದಾದರೂ ಇದೆಯೇ?"

ಮರುದಿನ ಹುಂಜ ಬೇಕೆಂದೇ ಬಂಡೆಯ ಮೇಲೆ ಕತ್ತಿನ ಗರಿ ಕೆದರಿ ನಿಂತಿತು. "ಎಂಥ ಚೆಲುವ," ಎಂದು ಮನುಷ್ಯ ಒಂದು ಹಿಡಿ ರಾಗಿ ಚೆಲ್ಲಿದ. ಮೂರು ದಿನ ಹೀಗೇ ನಡೆಯಿತು. ಹುಂಜ ದಿನಕ್ಕೊಂದು ಮಾರು ಅವನ ಹತ್ತಿರ ಬಂತು.

"ತಮ್ಮಾ, ನಮಗೂ ಅವನು ಊಟವನ್ನೇ ತೋರಿಸಿದ್ದು," ಎಂದಿತು ಟ್ರೌಟ್.

"ನಿಮ್ಮದು ಸುಳ್ಳು ನೊಣ. ನನ್ನದು ನಿಜವಾದ ರಾಗಿ. ಕುಕ್ಕಿ ನೋಡಿಯೇ ತಿಂದಿದ್ದೇನೆ. ನನಗೇನು ತಿಳಿಯುವುದಿಲ್ಲವೇ?"

ನಾಲ್ಕನೆಯ ದಿನವೂ ರಾಗಿ ನಿಜದ್ದೇ. ಆದರೆ ಅದರ ಕೆಳಗೆ ಉರುಲು ಇತ್ತು. ಹುಂಜನ ಕಾಲು ಸಿಕ್ಕಿಕೊಂಡಿತು. ಮನುಷ್ಯ ಅದನ್ನು ಮಡಿಲಲ್ಲಿ ಅದುಮಿ ಹಿಡಿದು ಕತ್ತಿನ ಗರಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದ. ಆಮೇಲೆ ಬಿಟ್ಟ.

"ಮತ್ತೆ ಬೆಳೆಯುತ್ತೆ, ಹೋಗು. ಮುಂದಿನ ವರ್ಷ ಮತ್ತೆ ಗರಿಗೆ ಬರ್ತೀನಿ," ಎಂದ.

ಹುಂಜ ಬೋಳು ಕತ್ತು ಹೊತ್ತು ಪೊದೆಯೊಳಗೆ ಕೂತಿತು.

"ನೋವಿದೆಯಾ?" ಎಂದು ಟ್ರೌಟ್ ಕೇಳಿತು.

"ಇದೆ ಅಕ್ಕ. ಆದರೆ ಆ ಡಬ್ಬಿ ತುಂಬ ಗರಿ ಇದೆ. ನಾಳೆ ಅಷ್ಟೂ ನೊಣವಾಗುತ್ತವೆ. ಆಗ ನಿಮ್ಮ ಗತಿ?"



ಮಾರನೆಯ ದಿನ ಮನುಷ್ಯ ಕಟ್ಟಿದ ಮೊದಲ ಗರಿನೊಣ ನೀರಿಗಿಳಿಯಿತು. ಪೊದೆಯೊಳಗಿಂದ ಹುಂಜ ಕೂಗಿತು: "ಅದು ನನ್ನದು, ಬಾಯಿ ಹಾಕಬೇಡಿ." ಎರಡನೆಯದು ಇಳಿಯಿತು. "ಅದೂ ನನ್ನದೇ." ತನ್ನ ಚುಕ್ಕೆ ಅದಕ್ಕೆ ಗೊತ್ತಾಗದೇ ಇರುತ್ತದೆಯೇ? ಮೀನುಗಳು ತಳದಲ್ಲೇ ಉಳಿದವು. ಸಂಜೆ ಮನುಷ್ಯ ಖಾಲಿ ಬುಟ್ಟಿ ಹೊತ್ತು ಗುಡ್ಡ ಇಳಿದ.

ನೀತಿ: ಹೊಗಳುತ್ತಾ ಕಾಳು ಚೆಲ್ಲುವವನು ಸಿಕ್ಕರೆ, ಕಾಳನ್ನಲ್ಲ, ಅವನ ಕಣ್ಣು ಎಲ್ಲಿದೆ ಎಂಬುದನ್ನು ನೋಡಬೇಕು.