ದೊಣೆಗೆ ಹೊರಟ ಬಗ್ಗಿ

ಹೂಂಗುಟ್ಟೋರು ಹೂಂಗುಟ್ಟಿ, ತೂಕಡಿಸೋರು ತೂಕಡಿಸಿ, ನನಗೇನೂ ಬೇಜಾರಿಲ್ಲ. ಅರ್ಧ ಎಚ್ಚರ ಅರ್ಧ ನಿದ್ದೇಲಿ ಕೇಳಿದ್ರೇನೇ ಈ ಕತೆ ಸರಿಯಾಗಿ ಕಿವಿಗೆ ಇಳಿಯೋದು. ಆದ್ರೆ ನಡುವೆ ಬಾಯಿ ಹಾಕಿದ್ರೆ ಮಾತ್ರ ಎದ್ದು ಹೋಗ್ತೀನಿ, ಈಗ್ಲೇ ಹೇಳಿದೀನಿ.

ಬಂಡೆಹಟ್ಟೀಲಿ ಪಾಲಯ್ಯ ಅಂತ ಒಬ್ಬ ಇದ್ದ. ವಯಸ್ಸು ಮೂವತ್ತು. ಒನಕೆಯಂಥ ತೋಳು. ಮನಸ್ಸು ಅಂದ್ರೆ ಹಾಲು. ತಲೆ? ತಲೆನೂ ಇತ್ತು, ಟವಲ್ಲು ಸುತ್ತೋಕೆ! ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ, ಕೂದಲೆಳೆಯಷ್ಟು ಆಚೆ ಈಚೆ ಇಲ್ಲ. ಅಂಗಳಕ್ಕೆ ಕೋಳಿ ಬಂದ್ರೆ ಓಡಿಸು ಅಂದ್ರೆ, ಮೂರು ಊರು ದಾಟೋವರೆಗೂ ಓಡಿಸ್ಕೊಂಡು ಹೋಗಿ ಸಾಯಂಕಾಲ ಬರ್ತಿದ್ದ.

ಅವನ ತಾಯಿ ಸಣ್ಣಬೋರಮ್ಮ ಹಣೆ ಹಣೆ ಚಚ್ಕೊಳ್ಳೋಳು. "ಅಯ್ಯೋ ನನ್ನ ಕರ್ಮವೇ! ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರಪ್ಪ ಬುದ್ಧಿ ಹೇಳೋರು!"

ಆ ತಾಯಿಗೆ ಒಂದೇ ಒಂದು ಆಸೆ. ಹಟ್ಟಿ ಹಿಂದೆ ಕರಡಿಗುಡ್ಡ ಅಂತ ಇದೆ. ಅದರ ನೆತ್ತಿ ಮೇಲೆ, ಬಂಡೆ ತಗ್ಗಿನಲ್ಲಿ ನೀರು ನಿಂತ ಒಂದು ದೊಣೆ. ನಡು ಬೇಸಿಗೇಲೂ ಬತ್ತಲ್ಲ. ಬೋರಮ್ಮ ಚಿಕ್ಕೋಳಿದ್ದಾಗ ಆಡು ಹೊಡ್ಕೊಂಡು ದಿನಾ ಅಲ್ಲಿಗೆ ಹೋಗ್ತಿದ್ದಳು. "ನೀರೊಳಗೆ ಮೋಡ ನಡೀತವೆ ಕಣಪ್ಪ," ಅನ್ನೋಳು. "ಕಾಲು ಇಳಿಬಿಟ್ಟು ಕೂತ್ರೆ, ಆಕಾಶದಾಗೆ ಕಾಲಿಟ್ಟಂಗೆ ಇರುತ್ತೆ." ಈಗ ಮೊಣಕಾಲು ಊದಿ ಕುಂಬಳಕಾಯಿ ಆಗಿದ್ವು. ಗುಡ್ಡ ಹತ್ತಿ ಹದಿನೈದು ವರ್ಷ ಆಗಿತ್ತು. ಡಾಕ್ಟರು ಬೇರೆ, ಇನ್ನು ಆರು ತಿಂಗಳು ಅಷ್ಟೇ, ಆಮೇಲೆ ಹಾಸಿಗೆ ಬಿಟ್ಟು ಏಳೋದು ಕಷ್ಟ ಅಂದುಬಿಟ್ಟಿದ್ದ. ಅವತ್ತಿಂದ ಅವಳಿಗೆ ಕಣ್ಣು ಮುಚ್ಚಿದ್ರೆ ದೊಣೆ, ಕಣ್ಣು ಬಿಟ್ಟರೂ ದೊಣೆ. ರೊಟ್ಟಿ ತಟ್ಟುತ್ತಾ ತಟ್ಟುತ್ತಾ ಕೈ ನಿಂತುಬಿಡೋದು, ರೊಟ್ಟಿ ಸೀದು ಹೋಗೋದು.

ಗುಡ್ಡಕ್ಕೆ ಜೀಪು ಹತ್ತಲ್ಲ. ಆಡಿನ ದಾರಿ ಅದು. ಅಷ್ಟರಲ್ಲಿ ರೋಡಿನ ಮೇಲೆ ವೆಲ್ಡಿಂಗ್ ಶಾಪು ಇಟ್ಟಿದ್ದ ಖಲಂದರ್ ಮೇಸ್ತ್ರಿ ಒಂದು ಮಾತು ಹೇಳಿದ. ಟ್ರ್ಯಾಕ್ಟರಿನ ಟ್ರೈಲರು ಬೆಸೆದು ಬೆಸೆದು ಅವನಿಗೂ ಸಾಕಾಗಿತ್ತು ಅನ್ನಿ.

"ಬೋರಕ್ಕ, ಬಗ್ಗಿ ಅಂತ ಒಂದು ಗಾಡಿ ಬರುತ್ತೆ. ಬರೀ ಪೈಪಿನ ಪಂಜರ, ಹಿಂದೆ ಇಂಜಿನ್ನು, ದಪ್ಪ ದಪ್ಪ ಟೈರು. ಕಲ್ಲು ಕೊರಕಲು ಏನಿದ್ರೂ ಏರುತ್ತೆ. ನನ್ನತ್ರ ಒಂದು ಹಳೇ ವ್ಯಾನು ಬಿದ್ದಿದೆ. ನಿನ್ನ ಮಗನ್ನ ಮೂರು ತಿಂಗಳು ಕೈಕೆಳಗೆ ಬಿಡು, ನಾನೇ ಕಟ್ಟಿ ನಿನ್ನನ್ನ ದೊಣೆಗೆ ಕರ್ಕೊಂಡು ಹೋಗ್ತೀನಿ."

"ನನ್ನ ಮಗನ್ನಾ?" ಅಂದಳು ಬೋರಮ್ಮ. "ಯೋಚನೆ ಮಾಡಿ ಹೇಳಣ್ಣ."

ಯೋಚನೆ ಮಾಡ್ಲಿಲ್ಲ ಅವನು.

ಮೊದಲನೇ ದಿನ. "ಲೇ ಪಾಲ, ಈ ವ್ಯಾನು ಬಿಚ್ಚು. ಒಂದು ನಟ್ಟೂ ಬಿಡಬೇಡ," ಅಂತ ಸ್ಪ್ಯಾನರ್ ಕೊಟ್ಟು ಮೇಸ್ತ್ರಿ ಊಟಕ್ಕೆ ಹೋದ. ಪಾಲಯ್ಯ ವ್ಯಾನು ಬಿಚ್ಚಿದ. ಸುತ್ತ ನೋಡಿದ, ಇನ್ನೂ ನಟ್ಟು ಕಾಣಿಸ್ತು. ಮೇಸ್ತ್ರಿಯ ಮೊಪೆಡ್ಡೂ ಬಿಚ್ಚಿದ. ಕಬ್ಬಿಣದ ಸ್ಟೂಲು ಬಿಚ್ಚಿದ. ರಿಪೇರಿಗೆ ಬಂದಿದ್ದ ಗಿರಣಿ ಮಿಷನ್ನು ಬಿಚ್ಚಿದ. ಶಾಪಿನ ಬೋರ್ಡು ಬಿಚ್ಚುತ್ತಾ ಏಣಿ ಮೇಲಿದ್ದಾಗ ಮೇಸ್ತ್ರಿ ಬಂದ.

"ಯಾ ಅಲ್ಲಾ! ಏನೋ ಇದು!"

"ಇನ್ನು ನಾಲ್ಕೇ ನಟ್ಟು ಇರೋದಣ್ಣ!"

ಮನೇಲಿ ತಾಯಿ ಬೈದಳು. "ಥೂ ದಡ್ಡ! ಯಾವುದಕ್ಕೇ ಆಗ್ಲಿ ಕೈ ಹಾಕೋಕೆ ಮುಂಚೆ ಕೇಳಬೇಕು. ಇದು ಯಾರದು, ಕೈ ಹಾಕಲೋ ಬೇಡವೋ ಅಂತ ಕೇಳಬೇಕು!"

"ಆಯ್ತಮ್ಮ, ಕೇಳ್ತೀನಿ."

ಕೇಳಿದ ಪುಣ್ಯಾತ್ಮ! ಪೈಪು ಬಗ್ಗಿಸಿ ಪಂಜರ ಕಟ್ಟುತ್ತಾ ಇದ್ರು. ಮೇಸ್ತ್ರಿ ಕನ್ನಡಕ ಹಾಕ್ಕೊಂಡು ವೆಲ್ಡಿಂಗ್ ಹೊಡೀತಾ ಇದ್ದ, ಪಾಲಯ್ಯ ಪಕ್ಕದಲ್ಲಿ ನೀರಿನ ಬಕೆಟ್ ಇಟ್ಕೊಂಡು ನಿಂತಿದ್ದ. ಒಂದು ಕಿಡಿ ಹಾರಿ ಮೇಸ್ತ್ರಿ ಲುಂಗಿಗೆ ಬಿತ್ತು. ಹೊಗೆ ಬಂತು, ಬೆಂಕಿ ಬಂತು.

"ಅಣ್ಣಾ, ಈ ಲುಂಗಿ ಯಾರದು?"

"ನಂದೇ ಲೇ! ಯಾಕೆ?"

"ಕೈ ಹಾಕಲೋ, ಬೇಡವೋ?"

"ಲುಂಗಿಗೆ ಯಾಕೋ ಕೈ ಹಾಕ್ತೀಯ, ಮಾನಗೆಟ್ಟೋನೆ! ಬೇಡ!"

"ಬೇಡ ಅಂದ್ರೆ ಬೇಡ ಬಿಡಿ," ಅಂದು ಪಾಲಯ್ಯ ಕೈ ಕಟ್ಕೊಂಡು ನಿಂತ. ಮೇಸ್ತ್ರಿಗೆ ಬಿಸಿ ತಾಗಿದ್ದು ಆಮೇಲೆ. ತಾನೇ ಓಡಿ ಹೋಗಿ ತೊಟ್ಟಿಯೊಳಗೆ ಕೂತ. ಸಂಜೆವರೆಗೂ ಮೇಲೆ ಏಳಲಿಲ್ಲ, ಏಳೋ ಹಾಗೂ ಇರಲಿಲ್ಲ.

ಮತ್ತೆ ತಾಯಿ. "ಅಯ್ಯೋ ಮುಠ್ಠಾಳ! ಬೆಂಕಿ ಹತ್ತಿದಾಗ ಯಾರದು ಅಂತ ಕೇಳ್ತಾರಾ? ಹೊಗೆ ಕಂಡ ತಕ್ಷಣ ನೀರು ಸುರೀಬೇಕು! ಹಿಂದೆ ಮುಂದೆ ನೋಡಬಾರದು!"

"ಆಯ್ತಮ್ಮ, ಸುರೀತೀನಿ."

ತಿಂಗಳು ಕಳೀತು. ಪಂಜರ ಎದ್ದು ನಿಂತ್ಕೊಂತು. ಹಿಂದಕ್ಕೆ ಟ್ರ್ಯಾಕ್ಟರಿನ ಮುಂದಿನ ಟೈರು, ಕೂರೋಕೆ ಬಸ್ಸಿನ ಹಳೇ ಸೀಟು. ಬೋರಮ್ಮ ಮನೆ ಮುಂದೆ ಕೂತು ದಿನಾ ಕೇಳೋಳು, "ಇವತ್ತು ಏನೇನು ಬಂತಪ್ಪ ಅದಕ್ಕೆ?" ಸ್ಟೇರಿಂಗು ಬಂತಮ್ಮ ಅಂದ್ರೆ ಅವಳು ಗುಡ್ಡದ ಕಡೆ ತಿರುಗಿ ಸುಮ್ಮನೆ ನಗೋಳು. ಮೊಣಕಾಲಿನ ನೋವು ಅಷ್ಟು ಹೊತ್ತು ಅವಳಿಗೆ ಮರೆತೇ ಹೋಗೋದು.

ಇಂಜಿನ್ನು ಕೂರಿಸಿದ ದಿನ ಬಂತು. ಮೇಸ್ತ್ರಿ ಊದುಬತ್ತಿ ಹಚ್ಚಿ, "ಬಿಸ್ಮಿಲ್ಲಾ" ಅಂತ ಕೀಲಿ ತಿರುಗಿಸಿದ. ಕೆಮ್ಮಿತು, ಸೀನಿತು, ಸ್ಟಾರ್ಟ್ ಆಯ್ತು. ಆಹಾ, ಏನು ಸದ್ದು! ಮೇಸ್ತ್ರಿ ಕಣ್ಣಲ್ಲಿ ನೀರು. ಹಿಂದೆ ಸೈಲೆನ್ಸರಿನಿಂದ ಕಪ್ಪಗೆ ಹೊಗೆ.

ಹೊಗೆ!

ಪಾಲಯ್ಯ ಹಿಂದೆ ಮುಂದೆ ನೋಡಲಿಲ್ಲ. ಒಂದು ಬಕೆಟ್, ಎರಡು ಬಕೆಟ್, ಇಡೀ ತೊಟ್ಟಿ! ಇಂಜಿನ್ನು ಗೊರಗೊರ ಅಂದು ನಿಂತುಹೋಯ್ತು.

"ಕೊಂದುಬಿಟ್ಟೆಯಲ್ಲೋ!" ಅಂತ ಮೇಸ್ತ್ರಿ ನೆಲದ ಮೇಲೇ ಕೂತ. ಅದನ್ನ ಮತ್ತೆ ಬಿಚ್ಚಿ, ಒಣಗಿಸಿ, ಕೂರಿಸೋಕೆ ಹತ್ತು ದಿನ ಹಿಡೀತು. ಆರು ತಿಂಗಳಲ್ಲಿ ಹತ್ತು ದಿನ ಅಂದ್ರೆ ಬೋರಮ್ಮಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಈ ಸಲ ಅವಳು ಕೂಗಾಡಲಿಲ್ಲ. ಮಗನ ತಲೆ ಸವರಿ, ನಿಧಾನಕ್ಕೆ ಹೇಳಿದಳು. "ಪಾಲ, ಇಂಜಿನ್ನು ಅಂದ್ರೆ ಎಳೇ ಕೂಸಿದ್ದಂಗೆ ಕಣಪ್ಪ. ತಣ್ಣೀರು ಸೋಕಿಸಬಾರದು. ಬಾಣಂತಿ ಮನೆ ಕೂಸನ್ನ ಹೆಂಗೆ ನೋಡ್ಕೊಂತಾರೆ, ಹಂಗೆ ನೋಡ್ಕೊ."

"ಆಯ್ತಮ್ಮ, ನೋಡ್ಕೊಂತೀನಿ."

ಅವನಿಗೆ ಬಾಣಂತಿ ಮನೆ ಗೊತ್ತಿಲ್ವಾ? ಹಟ್ಟಿಯ ಅಕ್ಕತಂಗಿಯರೆಲ್ಲರ ಬಾಣಂತನ ಕಂಡೋನು. ಶುಕ್ರವಾರ ಮೇಸ್ತ್ರಿ ನಮಾಜಿಗೆ ಹೋದಾಗ, ಪಾಲಯ್ಯ ಮನೆಯಿಂದ ಹರಳೆಣ್ಣೆ ತಂದ. ಬಗ್ಗಿ ಮೈಗೆಲ್ಲಾ ತಿಕ್ಕಿದ. ಸಂದುಗೊಂದಿ ಬಿಡಬಾರದಲ್ಲ, ಚಕ್ರ ಬಿಚ್ಚಿ ಬ್ರೇಕಿನ ಒಳಗೂ ಎರಡು ಬೆರಳು ಎಣ್ಣೆ ಹಚ್ಚಿ, ಮತ್ತೆ ಹಾಕಿದ. ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಅಡಿಯಿಂದ ಹೊಗೆ ಕೊಟ್ಟ. ಲೈಟಿನ ಪಕ್ಕ, ಕೆನ್ನೆ ಅನ್ನೋ ಜಾಗದಲ್ಲಿ, ಕಾಡಿಗೆ ಬೊಟ್ಟು ಇಟ್ಟ. ಕಂಬಳಿ ಹೊದಿಸಿದ. ಆಮೇಲೆ ಪಕ್ಕದಲ್ಲಿ ಕೂತು ಜೋಗುಳ ಹಾಡಿದ. ಚೆನ್ನಾಗಿ ಹಾಡ್ತಿದ್ದ, ಸುಳ್ಳು ಯಾಕೆ ಹೇಳ್ಲಿ. ಎದುರಿನ ಚಾ ಅಂಗಡಿಯವನಿಗೆ ಗಲ್ಲಾ ಮುಂದೇನೇ ನಿದ್ದೆ ಬಂತು.

ಮೇಸ್ತ್ರಿ ಬಂದ. ಕಂಬಳಿ ತೆಗೆದ. ಗಾಡಿ ಪಳಪಳ ಹೊಳೀತಿತ್ತು. "ಶಹಬ್ಬಾಸ್, ಒಂದು ಕೆಲ್ಸನಾದ್ರೂ ನೆಟ್ಟಗೆ ಮಾಡಿದೀಯ," ಅಂದು ಹತ್ತಿ ಕೂತ, ಓಡಿಸ್ಕೊಂಡು ಹೊರಟ. ಶಾಪಿನಿಂದ ಕೆರೆ ಕಡೆಗೆ ಇಳಿಜಾರು. ಇಳಿಜಾರಿನಲ್ಲಿ ಬ್ರೇಕು ಒತ್ತಿದ. ಬ್ರೇಕು ಹಿಡೀಲಿಲ್ಲ. ಇನ್ನೊಂದು ಸಲ ಒತ್ತಿದ. ಎಲ್ಲಿಂದ ಹಿಡೀಬೇಕು, ಹರಳೆಣ್ಣೆ ಕುಡಿದು ಕೂತಿದೆ ಅದು!

"ಹಟೋ! ಹಟೋ! ದಾರಿ ಬಿಡ್ರೋ!"

ಬಗ್ಗಿ ಹೋಗಿ ರಾಗಿ ಹುಲ್ಲಿನ ಬಣವೆಗೆ ನುಗ್ಗಿತು. ಬಣವೆಯ ಆ ಕಡೆಯಿಂದ ಮೇಸ್ತ್ರಿ ತಲೆ ಮಾತ್ರ ಹೊರಗೆ ಬಂತು. ಗಡ್ಡದ ತುಂಬಾ ಹುಲ್ಲು.

"ನಿನ್ನ ಮುಖ ತೋರಿಸಬೇಡ! ನಾಳೇನೇ ಇದನ್ನ ಗುಜರಿಗೆ ಹಾಕ್ತೀನಿ! ಬಗ್ಗಿನೂ ಬೇಡ, ಗುಡ್ಡನೂ ಬೇಡ!"

ಪಾಲಯ್ಯ ಮನೆಗೆ ಬಂದು, ಅಮ್ಮ, ಗಾಡಿ ಗುಜರಿಗಂತೆ ಅಂದ. ಬೋರಮ್ಮ ಬೈಯಲಿಲ್ಲ. ಮಾರನೇ ದಿನ ಗೋಡೆ ಹಿಡ್ಕೊಂಡು ಎದ್ದಳು, ಕೋಲು ಹಿಡಿದಳು. ಹಟ್ಟಿಯಿಂದ ಶಾಪಿಗೆ ಎಷ್ಟು ದೂರ? ನಿಮಗೆ ನಮಗೆ ಒಂದು ಬೀಡಿ ಸೇದೋ ಹೊತ್ತು. ಅವಳು ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಮುಟ್ಟಿದಳು. ಬಗ್ಗಿಯ ಪಕ್ಕ ಕೂತಳು.

"ಅಣ್ಣ, ಗುಜರಿಗೆ ಹಾಕೋದಾದ್ರೆ ಹಾಕು. ಅದಕ್ಕೆ ಮುಂಚೆ ಒಂದು ಗಳಿಗೆ ಇದರಲ್ಲಿ ಕೂರಿಸು. ಕಣ್ಣು ಮುಚ್ಕೊಂಡು ಹೋಗಿಬರ್ತೀನಿ."

ಮೇಸ್ತ್ರಿ ಕೈ ಕೊಟ್ಟು ಕೂರಿಸಿದ. ಅವಳು ಕಣ್ಣು ಮುಚ್ಚಿದಳು. "ಈಗ ಹುಣಸೆಮರ ದಾಟ್ದೆ... ಈಗ ಜೋಡಿಬಂಡೆ... ತಂಗಾಳಿ ಬಂತು ನೋಡಣ್ಣ... ನೈದಿಲೆ ಬಿಟ್ಟಿದಾವೆ." ಗಾಡಿ ನಿಂತಲ್ಲೇ ನಿಂತಿತ್ತು. ಮೇಸ್ತ್ರಿ ಆ ಕಡೆ ತಿರುಗಿ ಮೂಗು ಒರೆಸ್ಕೊಂಡ. ಅವತ್ತೇ ಕೂತು, ಪೆಟ್ರೋಲು ಹಾಕಿ ಬ್ರೇಕು ತೊಳೆದ.

"ಲೇ ಪಾಲ, ಇವತ್ತಿಂದ ನೀನು ಏನೂ ಮುಟ್ಟಬೇಡ. ಆ ಕಂಬದ ಹತ್ರ ನಿಂತು ನೋಡ್ತಿರು, ಅಷ್ಟೇ!"

ಪಾಲಯ್ಯ ನಿಂತ. ಹನ್ನೆರಡು ದಿನ ನಿಂತ. ಚಾ ಕೊಟ್ರೆ ಲೋಟನೂ ಮುಟ್ಟಲಿಲ್ಲ, ಚಾ ಅಂಗಡಿಯವನೇ ಬಾಯಿಗೆ ಹುಯ್ಯಬೇಕಾಯ್ತು. ಭುಜದ ಮೇಲೆ ಕಾಗೆ ಕೂತ್ರೂ ಓಡಿಸಲಿಲ್ಲ. ಅದೇ ನೋಡಿ, ಆ ಹನ್ನೆರಡು ದಿನದಲ್ಲಿ ಬಗ್ಗಿ ಮುಗಿದುಹೋಯ್ತು. ಮೇಸ್ತ್ರಿ ಅರ್ಧ ಗುಡ್ಡದವರೆಗೂ ಹತ್ತಿಸಿ, ಇಳಿಸಿ, ನೋಡ್ಕೊಂಡೂ ಬಂದ. ಕಲ್ಲೆಲ್ಲಾ ಲೆಕ್ಕಕ್ಕೇ ಇಲ್ಲ.

ಹೊರಡೋ ದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಗುಡ್ಡದ ಬುಡದಲ್ಲಿ ಬಗ್ಗಿ ನಿಲ್ಲಿಸಿದ್ರು. ಕೆಂಪು ಬಣ್ಣ, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಬೋರಮ್ಮ ಮದುವೆ ಸೀರೆ ಉಟ್ಟು, ಮಗನ ತೋಳು ಹಿಡ್ಕೊಂಡು ಬಂದಳು. ಕೆಂಪು ಪೈಪಿನ ಮೇಲೆ ಕೈಯಿಟ್ಟು ಸವರಿದಳು. ಕಣ್ಣೀರು ದಳದಳ ಇಳೀತು.

"ಪಾಲ, ಇದು ಗಾಡಿ ಅಲ್ಲ ಕಣಪ್ಪ. ಇದು ನಮ್ಮ ದೇವರ ಎತ್ತು!"

ಮೇಸ್ತ್ರಿ, "ಚಾ ಕುಡಿದು ಬಂದುಬಿಡ್ತೀನಿ, ಅಷ್ಟರಲ್ಲಿ ಅಮ್ಮನ್ನ ಹೊರಡಿಸೋ," ಅಂದು ಹೋದ.

ಈಗ ಕೇಳಿ. ನಮ್ಮ ಹಟ್ಟಿಗಳಲ್ಲಿ ದೇವರ ಎತ್ತು ಅಂದ್ರೆ ಏನು? ದೇವರಿಗೆ ಬಿಟ್ಟ ಎತ್ತು. ಅದಕ್ಕೆ ನೊಗ ಇಲ್ಲ, ನೇಗಿಲಿಲ್ಲ. ಅದರ ಮೇಲೆ ಕೂರೋದಿರಲಿ, ಒಂದು ಟವಲ್ಲೂ ಹಾಕೋ ಹಾಗಿಲ್ಲ. ಕೈ ಮುಗಿದು, ಮೇವು ಹಾಕಿ, ದಾರಿ ಬಿಡಬೇಕು. ಕುಲದಲ್ಲಿ ಹುಟ್ಟಿದ ಎಳೇ ಮಕ್ಕಳಿಗೂ ಗೊತ್ತು ಇದು. ಪಾಲಯ್ಯನಿಗೆ ಗೊತ್ತಿಲ್ವಾ?

ಬಗ್ಗಿಗೆ ಅಡ್ಡಬಿದ್ದ. ಒಂದು ಹೊರೆ ಹಸಿ ಹುಲ್ಲು ತಂದು ಮುಂದೆ ಹಾಕಿದ. ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳನ್ನ ಉಪ್ಪುಮೂಟೆ ಮಾಡ್ಕೊಂಡು, ಗುಡ್ಡ ಹತ್ತೋಕೆ ಶುರು ಮಾಡಿದ!

"ಲೇ! ಲೇ! ಎಲ್ಲಿಗೋ? ಗಾಡಿ ಇದೆಯಲ್ಲೋ! ಇಳ್ಸೋ ನನ್ನ!"

"ದೇವರ ಎತ್ತಿನ ಮೇಲೆ ಕೂರ್ತಾರೇನಮ್ಮ? ಪಾಪ ಸುತ್ಕೊಳ್ಳುತ್ತೆ!"

"ಅಯ್ಯೋ ಬೆಪ್ಪೇ! ಅದು ಕಬ್ಬಿಣ ಕಣೋ! ಮೂರು ತಿಂಗಳು ಕಟ್ಟಿದ್ದು ಯಾತಕ್ಕೋ!" ಅಂತ ಬೆನ್ನಿನ ಮೇಲೆ ಗುದ್ದಿದಳು. ಗುದ್ದಿದಳು, ಗುದ್ದಿದಳು, ಹುಣಸೆಮರ ಬಂತು. ಇನ್ನೆರಡು ಗುದ್ದಿದಳು, ಜೋಡಿಬಂಡೆ ಬಂತು. ಆಮೇಲೆ ಕೈ ನಿಂತುಹೋಯ್ತು. ಮಂಜು ಕೆಳಗಾಗಿತ್ತು, ಹಟ್ಟಿ ಕಾಣಿಸ್ತಿರಲಿಲ್ಲ. ಗಾಳಿ ತಣ್ಣಗೆ ಮುಖಕ್ಕೆ ಬಂತು. ಅವಳು ಮಗನ ಹೆಗಲ ಮೇಲೆ ಗದ್ದ ಇಟ್ಟಳು.

ಹಂಗಾದ್ರೆ ಇವನು ಮೊದಲೇ ಹೊತ್ಕೊಂಡು ಹೋಗಬಹುದಿತ್ತಲ್ಲ ಅಂತೀರಾ? ಹೋಗಬಹುದಿತ್ತು. ಹೊತ್ಕೊಂಡು ಹೋಗೋ ಅಂತ ಯಾರೂ ಅವನಿಗೆ ಹೇಳಿರಲಿಲ್ಲ, ಅಷ್ಟೇ.

ಮೇಲೆ ದೊಣೆ ಇತ್ತು, ಹದಿನೈದು ವರ್ಷದ ಹಿಂದೆ ಇದ್ದ ಹಾಗೇ. ನೈದಿಲೆ ಇದ್ವು. ನೀರೊಳಗೆ ಮೋಡ ನಡೀತಿದ್ವು. ಪಾಲಯ್ಯ ತಾಯಿನ ಬಂಡೆ ಅಂಚಿಗೆ ಕೂರಿಸಿ, ಊದಿದ ಎರಡೂ ಕಾಲು ಮೆಲ್ಲಗೆ ನೀರಿಗೆ ಬಿಟ್ಟ. ಅವಳು ನಕ್ಕಳು, ಅತ್ತಳು, ಮತ್ತೆ ನಕ್ಕಳು.

"ಪಾಲ, ಇನ್ನು ನಾನು ಇಲ್ಲಿಂದ ಏಳಲ್ಲ ಕಣಪ್ಪ," ಅಂದಳು.

"ಆಯ್ತಮ್ಮ."

ಎಷ್ಟು ಹೊತ್ತು ಹಂಗೇ ಕೂತಿದ್ದಳೋ. ತಿರುಗಿ ನೋಡಿದ್ರೆ ಮಗ ಇಲ್ಲ. ಕೆಳಗೆ ನೋಡಿದಳು. ಗುಡ್ಡದ ಮೈಮೇಲೆ ಒಂದು ಮಂಚ ಹತ್ತಿ ಬರ್ತಾ ಇತ್ತು! ಮಂಚದ ಕೆಳಗೆ ಪಾಲಯ್ಯ, ಕಂಕುಳಲ್ಲಿ ಚಾಪೆ ದಿಂಬು. ಅವನ ಹಿಂದೆ ಖಾಲಿ ಬಗ್ಗಿ ಓಡಿಸ್ಕೊಂಡು, ಹಾರ್ನ್ ಹೊಡ್ಕೊಂಡು, ಖಲಂದರ್ ಮೇಸ್ತ್ರಿ. "ಲೇ ಪಾಲ! ಮಂಚನಾದ್ರೂ ಗಾಡೀಲಿ ಹಾಕೋ! ನಿನ್ನ ಕಾಲು ಹಿಡ್ಕೊಂತೀನಿ, ಹಾಕೋ ಮಾರಾಯ!"

ಪಾಲಯ್ಯ ಮೇಲೆ ಬಂದು, ಬೆವರು ಒರೆಸ್ಕೊಂಡು, ದೊಣೆ ಪಕ್ಕ ಮಂಚ ಹಾಕಿದ.

"ಏಳಲ್ಲ ಅಂದ್ಯಲ್ಲಮ್ಮ. ಬರೀ ಬಂಡೆ ಮೇಲೆ ಹೆಂಗೆ ಮಲಗ್ತೀಯ? ಒಲೆಕಲ್ಲು ಆಮೇಲೆ ತರ್ತೀನಿ, ಕೋಳಿ ನಾಳೆ ತರ್ತೀನಿ. ಅಣ್ಣ ದೇವರ ಎತ್ತಿನ ಮೇಲೆ ಕೂತಿದಾನೆ, ಪಾಪ, ಅವನಿಗೆ ಗೊತ್ತಾಗಲ್ಲ. ನೀನೇ ಸ್ವಲ್ಪ ಬುದ್ಧಿ ಹೇಳಮ್ಮ."

ಬೋರಮ್ಮ ಬುದ್ಧಿ ಹೇಳೋಕೆ ಅಂತ ಬಾಯಿ ತೆಗೆದಳು. ಮಗನ ಮುಖ ನೋಡಿದಳು. ಬಾಯಿ ಮುಚ್ಚಿದಳು. ಆಮೇಲೆ ಆ ಮಂಚದ ಮೇಲೆ ಕಾಲು ಚಾಚಿ, ಮೋಡ ನೋಡ್ತಾ ಮಲಗಿದಳು.